ಹಗ್ಗದ ತುದಿಯಲ್ಲಿ ಒಬ್ಬಳು

ಅರವತ್ತು ದಾಟಿದವರು ಖುಷಿಯಾದರೆ ನೆಲ ಬಿಟ್ಟು ಮೇಲೇಳುವುದು ಧಾರವಾಡದಲ್ಲಿ ಈಗ ಯಾರಿಗೂ ಸೋಜಿಗವಲ್ಲ. ಅದಕ್ಕೇ ಮುದುಕರೆಲ್ಲ ಸೊಂಟಕ್ಕೆ ಒರಳಿನ ಗುಂಡು ಕಟ್ಟಿಕೊಂಡು ಓಡಾಡುತ್ತಾರೆ. ನೀಲಗಂಗವ್ವನ ಗಂಡ ಮಾತ್ರ ಒಂದು ಹಬ್ಬದ ದಿನ ಗುಂಡು ಮರೆತು ಹೋಳಿಗೆಯ ಮೇಲೆ ಹೋಳಿಗೆ ಹೊಡೆದು, ನಗುನಗುತ್ತಲೇ ಮೋಡ ಸೇರಿಬಿಟ್ಟಿದ್ದ. ಅಂದಿನಿಂದ ಅವಳು ಸಿಹಿ ಮುಟ್ಟಿಲ್ಲ, ಹಾಡು ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ.

ಈ ಯುಗಾದಿಯ ಸಂಜೆ ನಾದಿನಿ ಶಾಂತವ್ವ ಎರಡು ಹೋಳಿಗೆ, ಬಾವಿಯ ಹಗ್ಗ ಹಿಡಿದು ಮಾಳಿಗೆ ಹತ್ತಿ ಬಂದಳು.

“ವೈನಿ, ಗುಂಡ ಬಿಚ್ಚರಿ. ಹಗ್ಗ ನಾ ಹಿಡಕೋತೀನಿ.”

“ಬ್ಯಾಡವಾ. ಅತಿ ಆದ್ರ ಅಮೃತಾನೂ ವಿಷ.”

“ಬಾಯಾಗ ಇಡದನ ಅದು ಅಮೃತ ಅಂತ ಗೊತ್ತಾಗೂದರ ಹ್ಯಾಂಗರಿ?”

ನೀಲಗಂಗವ್ವ ನಕ್ಕಳು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಗುಂಡು ಬಿಚ್ಚಿಟ್ಟು, ತುಪ್ಪ ಸೋರುವ ಹೋಳಿಗೆಯನ್ನು ಕಣ್ಮುಚ್ಚಿ ತಿಂದಳು. ನೋಯುವ ಮೊಣಕಾಲು ಮೊದಲು ಹಗುರಾದವು. ಬೇವಿನ ಹೂ ಕೆನ್ನೆ ಸವರಿ ಕೆಳಗುಳಿದವು. ಸಂಜೆಯ ಮೋಡ ಕೈಗೆ ಎಟುಕುವಷ್ಟು ಹತ್ತಿರ ಬಂದಾಗ, ಅದರಾಚೆ ಗಂಡ ನಕ್ಕಂತಾಯಿತು. ಅವಳ ಬೆರಳು ಹಗ್ಗದ ಗಂಟಿಗೆ ಹೋಯಿತು.

ಆಗ ಕೆಳಗೆ ನೋಡಿದಳು. ಶಾಂತವ್ವ ಸೊಂಟದ ಗುಂಡಿನ ಭಾರಕ್ಕೆ ಬಾಗಿ, ಎರಡೂ ಕೈಯಲ್ಲಿ ಹಗ್ಗ ಹಿಡಿದು, ಕತ್ತೆತ್ತಿ ನೋಡುತ್ತಿದ್ದಳು. ಅವಳ ಪಾಲಿನ ಹೋಳಿಗೆ ತಾಟಿನಲ್ಲಿ ಹಾಗೇ ಇತ್ತು.

“ಸಾಕು, ಇಳಸವಾ,” ಎಂದು ನೀಲಗಂಗವ್ವ ಕೂಗಿದಳು. “ಇನ್ನ ನಿನ್ನ ಪಾಳಿ.”