ಪೆಟ್ಟಿಗೆಯಲ್ಲಿ ನಿಲ್ಲದ ಹಲ್ಲುಗಳು

ಪೆಟ್ಟಿಗೆಯಿಂದ ಇನ್ನೊಂದು ಹಲ್ಲು ಮಾಯವಾಗಿತ್ತು.

ಸುಬ್ಬರಾಯರು ಹತ್ತಿಯ ಮೇಲಿನ ಗುಳಿಯನ್ನು ತಡವಿದರು. ಪೊರೆ ಬಂದ ಕಣ್ಣಿಗೆ ಹಲ್ಲುಗಳೆಲ್ಲ ಒಂದೇ ತರ. ಖಾಲಿ ಜಾಗ ಮಾತ್ರ ಬೆರಳಿಗೆ ತಪ್ಪುತ್ತಿರಲಿಲ್ಲ.

ಮದ್ರಾಸು ಸರಕಾರದ ಸರ್ವೆಯರ್ ಆಗಿದ್ದಾಗಿನಿಂದ ಕೂಡಿಹಾಕಿದ್ದು. ಮನುಷ್ಯ ಹುಟ್ಟುವ ಎಷ್ಟೋ ಮೊದಲೇ ಅಳಿದುಹೋದ ಶಾರ್ಕ್ ಮೀನುಗಳ, ಕಲ್ಲಾಗಿ ಹೋದ ಹಲ್ಲುಗಳು. ಕುಂಜತ್ತೂರಿನ ಕಡಲ ದಂಡೆಯ ಜೇಡಿಮಣ್ಣಿನ ದಿಬ್ಬ ಕುಸಿದಾಗಲೆಲ್ಲ ಹೊರಬೀಳುತ್ತಿದ್ದವು.

ಕಳೆದ ವರ್ಷ ವಾತ ಬಡಿದು ಎಡಗಾಲು ಸೋತಿತು. ದಿನಾ ನಡೆಯದಿದ್ದರೆ ಹಾಸಿಗೆಯೇ ಗತಿ ಎಂದು ವೈದ್ಯರು ಹೆದರಿಸಿದರೂ ಏಳದವರು, ಹಲ್ಲಿನ ಆಸೆಗೆ ಎದ್ದರು. ಈಗ ದಂಡೆಗೆ ಹೋದರೆ ಒಂದಾದರೂ ಸಿಗುತ್ತಿತ್ತು. ಆದರೂ ಪೆಟ್ಟಿಗೆ ತುಂಬುತ್ತಿರಲಿಲ್ಲ.

ಅನುಮಾನ ಗೌರೀಶಂಕರನ ಮೇಲೆ. ಹೆಂಡತಿ ಸೌದಾಮಿನಿಯ ತಮ್ಮ. ಕಾಯಿಲೆಯಲ್ಲಿ ನೆರವಿಗೆಂದು ತನ್ನೂರು ಬಾಯಾರಿನಿಂದ ಬಂದವನು ಇನ್ನೂ ಹೋಗಿರಲಿಲ್ಲ. ಬೆಳಗ್ಗೆ ಹೊಸ್ತಿಲಲ್ಲಿ ಒದ್ದೆ ಮರಳು ಬೇರೆ. ಸುಬ್ಬರಾಯರು ಏಳುವ ಮೊದಲೇ ಯಾರೋ ಕಡಲಿಗೆ ಹೋಗಿ ಬಂದಿರುತ್ತಿದ್ದರು.

ಅವನ ಮಾತೂ ಹಾಗೆಯೇ. “ಭಾವ, ಆ ದಿಬ್ಬ ಹೋದ ಮಳೆಗಾಲದಲ್ಲೇ ಪೂರಾ ಕಡಲುಪಾಲಾಗಿದೆ. ನಿಮಗೆ ಹಲ್ಲು ಎಲ್ಲಿಂದ ಸಿಗುವುದು ಮಾರಾಯ್ರೇ?”

“ನಿನಗೆಂತಕ್ಕೆ ಅದು?”

ಅಂದೇ ಸುಬ್ಬರಾಯರು ಪೆಟ್ಟಿಗೆಗೆ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

“ಬೀಗ ಎಂತಕ್ಕೆ? ಹೋದದ್ದಕ್ಕೆ ಬದಲು ಒಂದು ಸಿಗುತ್ತದಲ್ಲ?” ಎಂದಳು ಸೌದಾಮಿನಿ. ತಮ್ಮನ ಪರ ವಹಿಸುತ್ತಾಳೆ ಎಂದುಕೊಂಡರು.

ಕಳವು ನಿಂತಿತು. ಆದರೆ ಮರುದಿನ ದಂಡೆಯಲ್ಲಿ ಬರೀ ಕಪ್ಪೆಚಿಪ್ಪು. ಅದರ ಮರುದಿನವೂ ಅಷ್ಟೇ. ಸುಬ್ಬರಾಯರಿಗೆ ಎಲ್ಲ ಹೊಳೆಯಿತು: ಪೆಟ್ಟಿಗೆಗೆ ಕೈ ಹಾಕಲಾಗದವನು ಈಗ ತನಗಿಂತ ಮೊದಲೇ ಹೋಗಿ ದಂಡೆಯಲ್ಲೇ ಹೆಕ್ಕುತ್ತಿದ್ದಾನೆ!

ಮಾರನೆಯ ಬೆಳಗ್ಗೆ ಅವರು ಏಳಲೇ ಇಲ್ಲ. ಸೌದಾಮಿನಿ ಊರುಗೋಲು ತಂದುಕೊಟ್ಟಳು. ಅದನ್ನು ದೂರ ತಳ್ಳಿದರು. “ನಾನು ಯಾಕೆ ನಡೆಯಬೇಕು? ಕಳ್ಳನಿಗೆ ದಾರಿ ತೋರಿಸಲಿಕ್ಕಾ? ಗೌರೀಶಂಕರಾ, ನಿನ್ನ ಚೀಲ ತಂದು ಇಲ್ಲಿ ಸುರಿ!”

ಗೌರೀಶಂಕರ ಅಕ್ಕನ ಮುಖ ನೋಡಿದ.

“ನೋಡಿದೆಯಾ, ಬಾಯಿಲ್ಲ ಅವನಿಗೆ!”

ಸೌದಾಮಿನಿ ಮಂಚದ ಬಳಿ ಬಂದು, ಗಂಡನ ಮುಂದೆ ಕೈಯೊಡ್ಡಿದಳು.

“ಕೀಲಿ ಕೊಡಿ. ನಾಳೆ ನೀವು ಎದ್ದು ನಡೆಯಬೇಕಾದರೆ, ದಂಡೆಯಲ್ಲಿ ಇಟ್ಟು ಬರಲಿಕ್ಕೆ ನನಗೊಂದು ಹಲ್ಲು ಬೇಕು.”