ಹಳದಿ ಲೇಸರ್ ಬಳಗ

ಕೆಂಪು, ಹಸಿರು ಲೇಸರ್ ಟಾರ್ಚು ಬಸ್‌ಸ್ಟ್ಯಾಂಡಿನಲ್ಲೂ ಸಿಗುತ್ತದೆ; ಹಳದಿಯದು ಬೇಕೆಂದರೆ ಏಳು ಕೆರೆ ನೀರು ಕುಡಿಯಬೇಕು. ದಾವಣಗೆರೆಯ ರೇಡಿಯೊ ರಿಪೇರಿ ತಿಪ್ಪೇಶಿ ಅಷ್ಟನ್ನೂ ಕುಡಿದು ಒಂದನ್ನು ತರಿಸಿದ. ತೋರಿಸೋಣವೆಂದರೆ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ.

ಅದಕ್ಕೇ ವಾಟ್ಸಾಪಿನಲ್ಲಿ ಲೇಸರ್ ಹುಚ್ಚರ ಬಳಗ ಕಟ್ಟಿದ. ಖಾಲಿ ಬಳಗಕ್ಕೆ ಯಾರು ಸೇರುತ್ತಾರೆಂದು, ಮೂರು ಹೊಸ ಸಿಮ್ ಕೊಂಡು, ಸುಳ್ಳು ಹೆಸರಿಟ್ಟುಕೊಂಡು ತಾನೇ ಇನ್ನೂ ಮೂವರಾದ. ಆಮೇಲೆ ಹರಿಹರದಿಂದ ನಾಲ್ವರು ಸೇರಿದರು. ಹಳದಿ ನೋಡಲೇಬೇಕೆಂದು ನಾಲ್ವರದೂ ಒಂದೇ ಹಟ. ಹರಟೆಯಲ್ಲಿ ತಿಪ್ಪೇಶಿ ಊಟವನ್ನೇ ಮರೆತ.

ಒಂದು ಭಾನುವಾರ ಎಲ್ಲರನ್ನೂ ಅಂಗಡಿಗೆ ಕರೆದ. ಅನುಮಾನ ಬರಬಾರದೆಂದು ಎಂಟು ತಟ್ಟೆ ಮಂಡಕ್ಕಿ ಮಿರ್ಚಿ ಇಟ್ಟ. ಬಂದವನು ಹರಿಹರದ ಟೈಲರ್ ಚಮನ್‌ಸಾಬ್ ಒಬ್ಬನೇ.

"ನಿಮ್ಮೂರಿನ ಮೂವರು ಎಲ್ಲಿ ಅಣ್ಣಾ? ಅವ್ರನ್ನ ನೋಡಾಕಂತ್ಲೇ ಬಂದೆ."

ತಿಪ್ಪೇಶಿ ಬೆವೆತ. "ಪಾಪ, ಮೂವರಿಗೂ ಜ್ವರ ಸಾಬ್ರೇ. ಮೇಲೇಳಾಕೇ ಆಗ್ತಿಲ್ಲ."

"ಮೂವರಿಗೂ?"

"ಮೂವರಿಗೂ. ಅದಿರ್ಲಿ, ನಿಮ್ಮ ಹರಿಹರದೋರು ಎಲ್ಲಿ?"

ಚಮನ್‌ಸಾಬ್ ಅವನ ಮುಖವನ್ನೇ ನೋಡಿದ. ನಾಲ್ಕು ತಟ್ಟೆ ತಿಪ್ಪೇಶಿಯ ಕಡೆ ತಳ್ಳಿದ, ನಾಲ್ಕು ತನ್ನ ಕಡೆ ಎಳೆದುಕೊಂಡ.

"ನಮ್ಮ ಮೂವರಿಗೂ ಅದೇ ಜ್ವರ ಅಣ್ಣಾ."