ಪಾರ್ಕ್ ಪಂಡಿತರ ಪಿನ್ನು

“ಇಲ್ಲೇ, ಇಲ್ಲೇ! ನಕ್ಷೆಯ ಪಿನ್ನು ಸರಿಯಾಗಿ ನನ್ನ ಕಾಲ ಕೆಳಗಿದೆ!” ಪಾರ್ಕ್ ಪಂಡಿತರು ಫೋನು ಹಿಡಿದುಕೊಂಡು, ನಿಧಿ ಸಿಕ್ಕವರ ಹಾಗೆ ಕೂಗಿದರು. ಕಾಲ ಕೆಳಗಿದ್ದದ್ದು ಬರೀ ಸಿಮೆಂಟು. ಎಡಕ್ಕೊಂದು ನೀರಿನ ಟ್ಯಾಂಕು, ಬಲಕ್ಕೆ ಅವರದೇ ಕಾರು, ಹಿಂದೆ ಪಾರ್ಕಿನ ಆಫೀಸು.

“ರೀ, ಮರಗಿಡ ಎಲ್ಲಾ ರಸ್ತೆ ಆಚೆ ಇದ್ಯಲ್ರೀ?” ಎಂದಳು ಹೆಂಡತಿ.

“ನಿನ್ನ ಕಣ್ಣು ತಪ್ಪಬಹುದು ಕಣೇ, ನನ್ನ ಟೂಲು ತಪ್ಪಲ್ಲ. ದೊಡ್ಡ ಪಾರ್ಕು ಅಂದ್ಮೇಲೆ ರಸ್ತೆ ಈಚೆಗೂ ಬಂದಿರುತ್ತೆ.”

ಹವ್ಯಾಸಿ ರೇಡಿಯೊದವರಲ್ಲಿ ಒಂದು ಆಟವಿದೆ. ರೇಡಿಯೊ ಹೊತ್ತುಕೊಂಡು ಪಾರ್ಕಿಗೆ ಹೋಗಿ, ಅಲ್ಲಿಂದ ಹತ್ತು ಮಂದಿಯೊಡನೆ ಮಾತಾಡಿದರೆ ಆ ಪಾರ್ಕನ್ನು ಗೆದ್ದ ಹಾಗೆ. ಪ್ರಾಂತ್ಯವನ್ನು ಆರಿಸಿದರೆ ಸಾಕು, ಅಲ್ಲಿನ ಪಾರ್ಕುಗಳನ್ನೆಲ್ಲ ನಕ್ಷೆಯ ಮೇಲೆ ತೋರಿಸುವ ಟೂಲೊಂದನ್ನು ನಮ್ಮ ಪಂಡಿತರು ಕಟ್ಟಿದ್ದರು. ಊರೂರಿನವರು ಅದನ್ನು ನೋಡಿಕೊಂಡೇ ಹೊರಡುತ್ತಿದ್ದರು. ಸಾವಿರಾರು ಪಾರ್ಕುಗಳಿಗೆ ಪಿನ್ನು ಚುಚ್ಚಿದ ಈ ಪುಣ್ಯಾತ್ಮರು ಮಾತ್ರ ಕುರ್ಚಿ ಬಿಟ್ಟೆದ್ದು ಒಂದಕ್ಕೂ ಕಾಲಿಟ್ಟಿರಲಿಲ್ಲ. ಪಂಡಿತರೆಂಬ ಬಿರುದು ದಯಪಾಲಿಸಿದವಳು ಹೆಂಡತಿಯೇ.

ಅವಳಿಗೆ ಬೇರೆಯದೇ ಸಂಕಟ. ತಾರಸಿಯಲ್ಲಿ ಬಿಸಿಲು ಬೀಳುವ ಒಂದೇ ಒಂದು ಜಾಗದಲ್ಲಿ ಆಂಟೆನಾ ಕಂಬ ತನ್ನ ತಂತಿಗಳ ಸಂಸಾರ ಸಮೇತ ಠಿಕಾಣಿ ಹೂಡಿತ್ತು. ಒಂದು ಟವೆಲು ಒಣಹಾಕಲೂ ದಾರಿಯಿಲ್ಲ. “ಇವತ್ತು ಒಂದೇ ಒಂದು ಪಾರ್ಕು ಗೆದ್ದು ತೋರಿಸಿ, ಜನ್ಮದಲ್ಲಿ ಕಂಬದ ಸುದ್ದಿ ಎತ್ತಲ್ಲ. ಗೆಲ್ಲದಿದ್ರೆ ಕಂಬ ಕೆಳಗಿಳೀಬೇಕು,” ಎಂದು ಬೆಳಿಗ್ಗೆಯೇ ಪಂದ್ಯ ಕಟ್ಟಿದ್ದಳು. ಪಂಡಿತರು ಮೀಸೆ ತಿರುವಿ ಒಪ್ಪಿಕೊಂಡಿದ್ದರು.

ಟ್ಯಾಂಕಿನ ಏಣಿಗೆ ಆಂಟೆನಾ ತಂತಿ ಕಟ್ಟಿ, ರೇಡಿಯೊದಲ್ಲಿ ಪಾರ್ಕಿನ ಹೆಸರು ಹೇಳುತ್ತ ಕರೆಯತೊಡಗಿದರು. ಒಬ್ಬೊಬ್ಬರಾಗಿ ಸಿಕ್ಕರು. ಸಿಕ್ಕವರಿಗೆ ನಮಸ್ಕಾರ ಹೇಳಿ ಮುಂದಿನವರನ್ನು ಕರೆಯುವುದು ಬಿಟ್ಟು, “ಪಾರ್ಕ್ ಹುಡುಕೋಕೆ ಒಂದು ಟೂಲಿದೆಯಲ್ಲ, ಹೇಗಿದೆ?” ಎಂದು ಏನೂ ಅರಿಯದವರ ಹಾಗೆ ವಿಚಾರಿಸಿ, ಹೊಗಳಿಕೆಯನ್ನು ಹೊಟ್ಟೆ ತುಂಬ ಉಂಡರು. ಬ್ಯಾಟರಿಯ ದೀಪ ಕೆಂಪಾದದ್ದು ಅವರ ಗಮನಕ್ಕೆ ಬರಲಿಲ್ಲ. ಒಂಬತ್ತು ಮಂದಿಯಾದರು. ಹತ್ತನೆಯದು ಯಾರೋ ಹಿರಿಯರ ದನಿ.

“ಸದ್ದು ಚೆನ್ನಾಗಿ ಬರ್ತಿದೆ. ಪಾರ್ಕಲ್ಲಿ ಎಲ್ಲಿ ಕೂತಿದ್ದೀರಿ ಸ್ವಾಮಿ?”

“ಆಫೀಸಿನ ಪಕ್ಕ ಸಾರ್, ನೀರಿನ ಟ್ಯಾಂಕ್ ಹತ್ರ. ಸರಿಯಾಗಿ ಪಿನ್ನಿನ ಮೇಲೇ!”

“ಅಯ್ಯೋ ರಾಮ! ನಾನು ಆ ಊರಲ್ಲಿ ಕೆಲಸ ಮಾಡಿದವನು. ಆಫೀಸು ರಸ್ತೆಯ ಒಂದು ಕಡೆ, ಪಾರ್ಕು ಇನ್ನೊಂದು ಕಡೆ. ನೀವಿರೋದು ಬೇಲಿಯಿಂದ ಹೊರಗೆ. ಇದು ಲೆಕ್ಕಕ್ಕೆ ಬರಲ್ಲ. ಮನುಷ್ಯ, ರೇಡಿಯೊ ಎರಡೂ ಬೇಲಿ ಒಳಗೇ ಇರ್ಬೇಕು ಅಂತ ಆ ಟೂಲಲ್ಲೇ ಕೆಂಪಕ್ಷರದಲ್ಲಿ ಬರೆದಿದ್ದಾರಲ್ಲ, ನೋಡಿಲ್ವಾ?”

ಆ ಕೆಂಪಕ್ಷರ ಬರೆದವರು ಪಂಡಿತರೇ. ಪಾರ್ಕಿನ ಎಲ್ಲೆ ಹುಡುಕಲು ಮೈಗಳ್ಳತನ ಮಾಡಿ, ಆಫೀಸಿನ ವಿಳಾಸಕ್ಕೆ ಪಿನ್ನು ಚುಚ್ಚಿ ಕೈ ತೊಳೆದುಕೊಂಡವರೂ ಅವರೇ.

“ಯಾವ ಮಹಾನುಭಾವ ಮಾಡಿದ್ನೋ ಆ ಟೂಲು! ನಿಮಗೇನಾದ್ರೂ ಗೊತ್ತಾ?”

“ಇಲ್ಲ ಸಾರ್... ಯಾರೋ ಏನೋ,” ಎಂದರು ಪಂಡಿತರು. ಅಷ್ಟಕ್ಕೆ ಬ್ಯಾಟರಿ ಪ್ರಾಣ ಬಿಟ್ಟಿತು.

ತಿರುಗಿ ನೋಡಿದರೆ ಹೆಂಡತಿ ಕಾರಿಗೊರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಈಗ ನಕ್ಕಾಳು, ಈಗ ನಕ್ಕಾಳು ಎಂದು ಪಂಡಿತರು ತಲೆ ತಗ್ಗಿಸಿ ಕಾದರು. ಅವಳು ನಗಲಿಲ್ಲ. “ಗೇಟು ಹಾಕೋಕೆ ಇನ್ನೂ ಹೊತ್ತಿದೆ. ಬನ್ನಿ, ಪಾರ್ಕು ಹೇಗಿರುತ್ತೆ ಅಂತ ತೋರಿಸ್ತೀನಿ,” ಎಂದಳು.

ರಸ್ತೆ ದಾಟಿದರು. ಒಳಗೆ ತಂಪು ನೆರಳಿತ್ತು, ಕೊಳದ ಪಕ್ಕ ಖಾಲಿ ಬೆಂಚಿತ್ತು. ಹೆಂಡತಿಯ ಪಕ್ಕ ಕುಳಿತು, ಕೆಲಸವಿಲ್ಲದೆ ಸುಮ್ಮನೆ ನೀರು ನೋಡಿ ಎಷ್ಟು ಕಾಲವಾಯಿತೋ! ಪಂಡಿತರಿಗೆ ನಿಜಕ್ಕೂ ಹಾಯೆನಿಸಿತು. ಜೊತೆಗೆ ಸ್ವಲ್ಪ ಧೈರ್ಯವೂ ಬಂತು.

“ಮುಂದಿನ ಭಾನುವಾರ ಇಲ್ಲೇ, ಈ ಬೆಂಚಿನ ಮೇಲೇ ಕೂತು ಗೆದ್ದು ತೋರಿಸ್ತೀನಿ ಕಣೇ. ಅಲ್ಲೀವರೆಗೆ ಕಂಬ ಹಾಗೇ ಇರ್ಲಾ?”

“ಬರೋಣ, ಖಂಡಿತ ಬರೋಣ,” ಎಂದಳು ಹೆಂಡತಿ, ಅವರ ಕೈ ಹಿಡಿದುಕೊಂಡು. “ಆದ್ರೆ ಕಂಬ ಇವತ್ತೇ ಇಳೀಬೇಕು ಕಣ್ರೀ. ಬೆಳಿಗ್ಗೆ ಹೊರಡೋವಾಗ್ಲೇ ಮನೆ ಬೆಡ್‌ಶೀಟೆಲ್ಲಾ ನೆನೆಹಾಕಿ ಬಂದಿದ್ದೀನಿ.”